ಗೂಟ ಖಾಲಿಯಾದ ಮೇಲೆ

ಸಿದ್ದಾಪುರ ತಾಲ್ಲೂಕಿನ ಭಾನ್ಕುಳಿಗೆ ಮೊದಲ ಸಲ ಹೋದ ರೈತನ ಕಣ್ಣು ಹಗ್ಗವನ್ನು ಹುಡುಕುತ್ತದೆ. ಗೂಟ ಎಲ್ಲಿ, ಕಣ್ಣಿ ಎಲ್ಲಿ, ದನ ಕಟ್ಟುವ ಸಾಲು ಎಲ್ಲಿ ಎಂದು ಸುತ್ತ ನೋಡಿದರೆ ಯಾವುದೂ ಕಾಣದು. ದನಗಳು ತಮ್ಮ ಪಾಡಿಗೆ ಅಡ್ಡಾಡುತ್ತಿರುತ್ತವೆ. ಬಿಸಿಲೇರಿದರೆ ನೆರಳಿಗೆ ಬರುತ್ತವೆ, ಹಸಿದರೆ ಹುಲ್ಲಿನ ಬಳಿ ಹೋಗುತ್ತವೆ, ಸಾಕೆನಿಸಿದಾಗ ಮಲಗಿ ಮೆಲುಕು ಹಾಕುತ್ತವೆ. ಕರು ತಾಯಿಯ ಕೆಚ್ಚಲಿಗೆ ಬಾಯಿಟ್ಟರೆ ಅದನ್ನು ಎಳೆದು ಕಟ್ಟುವವರಿಲ್ಲ. ಶ್ರೀರಾಮಚಂದ್ರಾಪುರ ಮಠ ತನ್ನ ಭಾನ್ಕುಳಿ ಶಾಖಾಮಠದ ಆವರಣದಲ್ಲಿ 2018ರಲ್ಲಿ ಆರಂಭಿಸಿದ ಈ ತಾಣದ ಹೆಸರು ‘ಗೋಸ್ವರ್ಗ’. ಹೆಸರು ದೊಡ್ಡದಾಯಿತೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಹುಟ್ಟಿದಂದಿನಿಂದ ಮೂರು ಮೊಳ ಹಗ್ಗದ ಸುತ್ತಳತೆಯಲ್ಲೇ ಬದುಕಿದ ದನವೊಂದಕ್ಕೆ ತನಗೆ ಬೇಕಾದ ಕಡೆ ನಾಲ್ಕು ಹೆಜ್ಜೆ ಇಡುವುದೆಂದರೆ ಏನು ಎಂಬುದನ್ನು ಅಲ್ಲಿ ನಿಂತು ನೋಡಿದವರು ಆ ಹೆಸರಿನ ಬಗ್ಗೆ ತಕರಾರು ತೆಗೆಯುವುದಿಲ್ಲ.

ಇಂಥ ಆಸರೆಯ ತಾಣಗಳು ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ ಯಾಕೆ ಬೇಕಾದವು? ಒಂದು ತಲೆಮಾರಿನ ಹಿಂದೆ ಈ ಪ್ರಶ್ನೆ ಕೇಳಿದ್ದರೆ ಹಳ್ಳಿಯವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ದನವಿಲ್ಲದ ಮನೆಯೇ ಇಲ್ಲದಿದ್ದಾಗ ಅನಾಥ ದನವಾದರೂ ಎಲ್ಲಿಂದ ಬರಬೇಕು? ಮುದಿಯಾದದ್ದು, ಬರಡಾದದ್ದು, ಕಾಲು ಮುರಿದದ್ದು, ಎಲ್ಲವೂ ಕೊಟ್ಟಿಗೆಯ ಒಂದು ಮೂಲೆಯಲ್ಲಿ ಉಳಿಯುತ್ತಿತ್ತು. ಅದನ್ನು ಪ್ರಾಣಿದಯೆ ಎಂದು ಯಾರೂ ಕರೆಯುತ್ತಿರಲಿಲ್ಲ. ದನ ಇದ್ದರೆ ಸಗಣಿ ಇತ್ತು, ಸಗಣಿ ಇದ್ದರೆ ಗೊಬ್ಬರವಿತ್ತು, ಗೊಬ್ಬರವಿದ್ದರೆ ತೋಟವಿತ್ತು. ಹಾಲು ಕೊಡದ ದನವೂ ಸಗಣಿ ಹಾಕುತ್ತಿತ್ತು. ಅಷ್ಟೇ ಲೆಕ್ಕ.

ಈ ಲೆಕ್ಕಕ್ಕೆ ಕಾನೂನಿನ ಬೆನ್ನೂ ಇತ್ತು. ಬ್ರಿಟಿಷರ ಕಾಲದಲ್ಲಿ ಘಟ್ಟದ ಮೇಲಿನ ಅಡಿಕೆ ತೋಟಿಗರಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ಸಿಕ್ಕಿತು. ಬೇಸಿಗೆಯಲ್ಲಿ ಆ ಬೆಟ್ಟದಿಂದ ದರಕು ಗುಡಿಸಿ ತಂದು, ಮಳೆಗಾಲದಲ್ಲಿ ಹಸಿಸೊಪ್ಪು ಕಡಿದು ತಂದು ಕೊಟ್ಟಿಗೆಗೆ ಹಾಸುವುದು. ದನ ಅದರ ಮೇಲೆ ಮಲಗಿ ತುಳಿದು, ಸಗಣಿ ಗಂಜಳ ಬೆರೆತು, ಅದು ಗೊಬ್ಬರಗುಂಡಿಗೆ ಹೋಗಿ, ಅಲ್ಲಿಂದ ಅಡಿಕೆ ಮರದ ಬುಡ ಸೇರುವುದು. ಕಾಡು, ಕೊಟ್ಟಿಗೆ, ತೋಟ ಮೂರನ್ನೂ ಹೊಲಿದ ದಾರ ಆ ದನ. ಅಡುಗೆಮನೆಯ ಅಕ್ಕಚ್ಚೂ ಅದರ ಪಾಲಿಗೇ ಹೋಗುತ್ತಿತ್ತು.

ಆ ದನವೂ ಎಂಥದ್ದು! ಮೂರಡಿ ಎತ್ತರದ, ಕಪ್ಪೋ ಕೆಂಪೋ ಬಣ್ಣದ, ಕಡಿದಾದ ಗುಡ್ಡವನ್ನು ಮೇಕೆಯಂತೆ ಏರುವ ಮಲೆನಾಡು ಗಿಡ್ಡ. ಊರ ದನ ಎಂಬುದು ಅದರ ಮನೆಮಾತಿನ ಹೆಸರು. ವರ್ಷವರ್ಷವೂ ಕರು ಹಾಕುವುದಕ್ಕೆ ‘ವರ್ಷಗಂಧಿ’ ಎಂದೂ ಕರೆಯುತ್ತಾರೆ. ದಿನಕ್ಕೆ ಒಂದೆರಡು ಲೀಟರ್ ಹಾಲು ಕೊಟ್ಟರೆ ಹೆಚ್ಚು, ಮನೆಯ ಚಹಾಕ್ಕೆ, ಮಕ್ಕಳ ಮೊಸರನ್ನಕ್ಕೆ ಅಷ್ಟು ಸಾಕು. ಬೆಳಿಗ್ಗೆ ಹಗ್ಗ ಬಿಚ್ಚಿದರೆ ತಾನೇ ಬೆಟ್ಟಕ್ಕೆ ಹೋಗಿ ಮೇಯ್ದು ಸಂಜೆ ತಾನೇ ಮನೆಗೆ ಬರುತ್ತದೆ. ತಿಂಗಳುಗಟ್ಟಲೆ ಮಳೆ ಸುರಿದರೂ ಗೊರಸು ಕೊಳೆಯಿತೆಂದು ಮಲಗುವ ಜಾತಿಯಲ್ಲ. ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ಇದನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿದ್ದು 2012ರಲ್ಲಿ. ನೂರಾರು ವರ್ಷ ಮಲೆನಾಡಿನ ತೋಟಗಳನ್ನು ಸಾಕಿದ ದನಕ್ಕೆ ಕಾಗದದ ಮೇಲೊಂದು ಹೆಸರು ಸಿಗಲು ಅಷ್ಟು ಕಾಲ ಬೇಕಾಯಿತು. ಅಷ್ಟರೊಳಗೆ ಅದರ ಕೊಟ್ಟಿಗೆಗಳು ಬರಿದಾಗತೊಡಗಿದ್ದವು.

ಗೂಟ ಖಾಲಿಯಾದದ್ದಕ್ಕೆ ಒಂದೇ ಕಾರಣ ಹೇಳಿದರೆ ಅನ್ಯಾಯವಾಗುತ್ತದೆ. ಗದ್ದೆಗೆ ಟಿಲ್ಲರ್ ಬಂತು, ಜೋಡೆತ್ತು ಹೋಯಿತು. ಎಷ್ಟೋ ಗದ್ದೆಗಳು ತೋಟವಾದವು, ಮನೆಯ ಹುಲ್ಲು ನಿಂತಿತು. ಮಕ್ಕಳು ಓದಿ ಬೆಂಗಳೂರು ಸೇರಿದರು. ಮನೆಯಲ್ಲಿ ಉಳಿದವರು ಎಪ್ಪತ್ತು ದಾಟಿದ ಅಪ್ಪ, ಆಯಿ. ಮಂಡಿನೋವಿನ ಆಯಿ ಬೆಳಗಿನ ಜಾವ ಎದ್ದು ಸಗಣಿ ಬಾಚಲಿ ಎಂದು ಯಾವ ಮಗ ತಾನೇ ಹೇಳಿಯಾನು? ಕೆಲಸದಾಳು ಸಿಗುವುದಿಲ್ಲ, ಸಿಕ್ಕರೂ ಕೊಟ್ಟಿಗೆ ಕೆಲಸಕ್ಕೆ ಒಲ್ಲೆ ಎನ್ನುತ್ತಾರೆ. ಇನ್ನೊಂದು ಕಡೆ, ಹಾಲಿನ ಆಸೆಗೆ ತಂದ ಜರ್ಸಿ, ಎಚ್‌ಎಫ್ ಮಿಶ್ರತಳಿಯ ಗಂಡುಕರುವಿಗೆ ಉಳುವ ಕೆಲಸವೂ ಇಲ್ಲ, ಕೊಳ್ಳುವವರೂ ಇಲ್ಲ. ಈ ಎಲ್ಲ ಮನೆಗಳಿಂದ ಹೊರಬಿದ್ದ ದನ ಪೇಟೆಯ ಬಸ್‌ನಿಲ್ದಾಣದಲ್ಲಿ, ಹೆದ್ದಾರಿಯ ಮಧ್ಯದಲ್ಲಿ, ಪ್ಲಾಸ್ಟಿಕ್ ತುಂಬಿದ ಕಸದ ತೊಟ್ಟಿಯ ಬಳಿ ಕಾಣಿಸಿಕೊಂಡಿತು.

2021ರಲ್ಲಿ ಜಾರಿಗೆ ಬಂದ ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ, 13 ವರ್ಷ ಮೀರಿದ ಎಮ್ಮೆ ಕೋಣಗಳ ಹೊರತು ಉಳಿದೆಲ್ಲ ಜಾನುವಾರುಗಳ ಹತ್ಯೆಯನ್ನು ನಿಷೇಧಿಸಿತು. ಕಾಯ್ದೆಯನ್ನು ಒಪ್ಪಿದವರಿದ್ದಾರೆ, ವಿರೋಧಿಸಿದವರಿದ್ದಾರೆ. ಆ ವಾದ ಬೇರೆ. ಆದರೆ ದನ ಉಳಿದ ಮೇಲೆ ಅದು ದಿನಾ ಹುಲ್ಲು ತಿನ್ನಬೇಕು. ಆ ಹುಲ್ಲು ಯಾರ ಬಣವೆಯದು ಎಂಬ ಪ್ರಶ್ನೆಗೆ ಕಾಯ್ದೆಯ ಪುಸ್ತಕದಲ್ಲಿ ಪೂರ್ತಿ ಉತ್ತರವಿಲ್ಲ. ಉತ್ತರ ಹುಡುಕುವ ಭಾರ ಬಿದ್ದದ್ದು ಗೋಶಾಲೆಗಳ ಮೇಲೆ, ಅವುಗಳ ಬೆನ್ನಿಗೆ ನಿಂತ ಸಾಮಾನ್ಯ ಜನರ ಮೇಲೆ.

ಆ ಭಾರದ ಅಂದಾಜು ಸರ್ಕಾರದ ಲೆಕ್ಕದಿಂದಲೇ ಸಿಗುತ್ತದೆ. 2022ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ‘ಪುಣ್ಯಕೋಟಿ ದತ್ತು ಯೋಜನೆ’ಯಲ್ಲಿ ಗೋಶಾಲೆಯ ಒಂದು ಹಸುವನ್ನು ಒಂದು ವರ್ಷಕ್ಕೆ ದತ್ತು ಪಡೆಯಲು ನಿಗದಿಯಾದ ಮೊತ್ತ 11,000 ರೂಪಾಯಿ. ಭಾಗಿಸಿ ನೋಡಿದರೆ ದಿನಕ್ಕೆ 30 ರೂಪಾಯಿ. ನೂರು ದನಗಳ ಒಂದು ಸಾಧಾರಣ ಗೋಶಾಲೆಗೆ ಈ ಲೆಕ್ಕದಲ್ಲೇ ವರ್ಷಕ್ಕೆ 11 ಲಕ್ಷ ಬೇಕು. ಮೂವತ್ತು ರೂಪಾಯಿಯಲ್ಲಿ ಹುಲ್ಲು, ಹಿಂಡಿ, ಔಷಧಿ, ಕೆಲಸದವರ ಸಂಬಳ, ಮಾಡಿನ ರಿಪೇರಿ ಎಲ್ಲವನ್ನೂ ಹೊಂದಿಸುವುದು ಎಷ್ಟು ಕಷ್ಟ ಎಂಬುದು ದನ ಸಾಕಿದ ಎಲ್ಲರಿಗೂ ಗೊತ್ತು.

ಇಲ್ಲಿ ತಳಿಯ ಲೆಕ್ಕವೂ ಬರುತ್ತದೆ. ದನವೊಂದು ತನ್ನ ಮೈತೂಕದ ನೂರಕ್ಕೆ ಎರಡರಿಂದ ಮೂರು ಪಾಲಿನಷ್ಟು ಒಣಮೇವು ಬೇಡುತ್ತದೆ ಎಂಬುದು ಪಶುವೈದ್ಯರ ಸಾಮಾನ್ಯ ಸೂತ್ರ. ನಾನೂರು ಕಿಲೋ ತೂಗುವ ಮಿಶ್ರತಳಿ ಹಸುವಿಗೆ ಹತ್ತು ಕಿಲೋ ಬೇಕಾದರೆ, ನೂರು ಕಿಲೋ ಆಸುಪಾಸಿನ ಗಿಡ್ಡಕ್ಕೆ ಎರಡೂವರೆ ಮೂರು ಕಿಲೋ ಸಾಕು. ಒಂದರ ಮೇವಿನಲ್ಲಿ ಮೂರು ಗಿಡ್ಡಗಳ ಹೊಟ್ಟೆ ತುಂಬುತ್ತದೆ. ಊರ ತಳಿ ಉಳಿಸಿ ಎಂಬ ಮಾತು ಬರೀ ಭಾವನೆಯದಲ್ಲ ಎನ್ನುವುದಕ್ಕೆ ಈ ಒಂದು ಲೆಕ್ಕ ಸಾಕು.

ರಾಮಚಂದ್ರಾಪುರ ಮಠದ ಗೋಕಾರ್ಯ ಭಾನ್ಕುಳಿಯಿಂದ ಶುರುವಾದದ್ದಲ್ಲ. ‘ಕಾಮದುಘಾ’ ಎಂಬ ಯೋಜನೆಯಡಿ ಮಠ ಬಹಳ ಹಿಂದೆಯೇ ದೇಸಿ ತಳಿಗಳನ್ನು ಒಂದೆಡೆ ಸೇರಿಸಿ ಉಳಿಸುವ ಕೆಲಸಕ್ಕೆ ಕೈಹಾಕಿತ್ತು. 2007ರಲ್ಲಿ ಹೊಸನಗರದ ಮಠದ ಆವರಣದಲ್ಲಿ ನಡೆದ ವಿಶ್ವ ಗೋ ಸಮ್ಮೇಳನಕ್ಕೆ ಶಿರಸಿ, ಸಿದ್ದಾಪುರದಿಂದ ಹೋದವರಲ್ಲಿ ಅನೇಕರು, ದೇಶದಲ್ಲಿ ಇಷ್ಟು ಬಗೆಯ ದನಗಳಿವೆ ಎಂಬುದನ್ನು ಕಣ್ಣಾರೆ ಕಂಡದ್ದು ಅಲ್ಲೇ. ಮುಂದೆ ಬರಗಾಲದಲ್ಲಿ ಮಲೆ ಮಹದೇಶ್ವರ ಬೆಟ್ಟದ ದನಗಳು ಮೇವಿಲ್ಲದೆ ಸಾಯತೊಡಗಿದಾಗ ಮಠದ ಶಿಷ್ಯರು ಮೇವು ಒಟ್ಟುಗೂಡಿಸಿ ಅಲ್ಲಿಗೆ ಮುಟ್ಟಿಸಿದರು. ಯಾವತ್ತೂ ಕಾಣದ ಊರಿನ ದನಕ್ಕೆ ತಮ್ಮ ಊರಿನ ಹುಲ್ಲು ಕಳಿಸಿದ ಆ ಅನುಭವ ಜನರ ಮನಸ್ಸಿನಲ್ಲಿ ಉಳಿದಿದೆ.

ಆದರೆ ಇಂಥ ಸಂಸ್ಥೆಗಳನ್ನು ನಡೆಸುವುದು ಸಮ್ಮೇಳನಗಳಲ್ಲ. ‘ಮಾಸದ ಮಾತೆ’ಯರ ಕಥೆ ಇಲ್ಲಿ ಹೇಳಲೇಬೇಕು. ಮಠದ ‘ಮಾತೃತ್ವಮ್’ ಎಂಬ ಯೋಜನೆಯಲ್ಲಿ ಮಹಿಳೆಯರು ಒಂದೊಂದು ಗೋವಿನ ಪಾಲನೆಯ ವೆಚ್ಚದ ಹೊಣೆ ಹೊರುತ್ತಾರೆ. ಎಲ್ಲರೂ ಉಳ್ಳವರಲ್ಲ. ಅಕ್ಕತಂಗಿಯರು, ಓರಗಿತ್ತಿಯರು, ನೆರೆಮನೆಯವರು, ಮದುವೆಮನೆಯಲ್ಲಿ ಸಿಕ್ಕ ನೆಂಟರು, ಹೀಗೆ ಪರಿಚಯದವರಿಂದ ಸಣ್ಣ ಸಣ್ಣ ಮೊತ್ತ ಕೂಡಿಸಿ ತಲುಪಿಸುತ್ತಾರೆ. ಎಷ್ಟೋ ಹೆಂಗಸರು ಕೊಟ್ಟಿಗೆಯಲ್ಲೇ ಬೆಳೆದವರು, ಮದುವೆಯಾಗಿ ನಗರದ ಮೂರನೇ ಮಹಡಿಯ ಮನೆ ಸೇರಿದವರು. ಕರುವಿನ ನಾಲಗೆಯ ಒರಟು ಅಂಗೈಗೆ ನೆನಪಿರುವವರು. ಮನೆಯಲ್ಲಿ ದನ ಸಾಕಲು ಆಗದಿದ್ದರೂ ಎಲ್ಲೋ ಒಂದು ದನ ತಮ್ಮ ಹೆಸರಿನಲ್ಲಿ ಹೊಟ್ಟೆ ತುಂಬಾ ತಿನ್ನಲಿ ಎಂಬ ಅವರ ಹಂಬಲವನ್ನು ಯಾವ ದೊಡ್ಡ ದೇಣಿಗೆಯ ಚೆಕ್ಕೂ ಸರಿಗಟ್ಟದು.

ಹಣ ಕೊಡದೆ ಕೊಡುವವರೂ ಇದ್ದಾರೆ. ಬನವಾಸಿ ಕಡೆಯ ಗದ್ದೆಬಯಲಿನಲ್ಲಿ ಕೊಯ್ಲು ಮುಗಿದಾಗ ಒಂದು ಗಾಡಿ ಹುಲ್ಲನ್ನು ಗೋಶಾಲೆಗೆಂದು ತೆಗೆದಿಡುವವರು. ಬೇಣದ ಕರಡ ಕೊಯ್ದು ಕೊಂಡುಹೋಗಿ ಎಂದು ಬಿಡುವವರು. ಹುಟ್ಟುಹಬ್ಬಕ್ಕೋ ಹಿರಿಯರ ತಿಥಿಗೋ ಗೋಗ್ರಾಸವೆಂದು ಒಂದು ದಿನದ ಮೇವಿನ ಖರ್ಚು ಕೊಡುವವರು. ಗೋಶಾಲೆಯ ಗೊಬ್ಬರವನ್ನು ನ್ಯಾಯವಾದ ಬೆಲೆಗೆ ಕೊಂಡು ತೋಟಕ್ಕೆ ಹಾಕುವವರು. ಗೊಬ್ಬರ ಕೊಳ್ಳುವುದನ್ನು ಯಾರೂ ದಾನವೆಂದು ಕರೆಯುವುದಿಲ್ಲ. ಆದರೆ ಹಾಲು ಕೊಡದ ದನ ದುಡಿದು ತಿನ್ನುವ ಒಂದೇ ದಾರಿ ಅದು. ಹಳೆಯ ಸೊಪ್ಪಿನ ಬೆಟ್ಟದ ಚಕ್ರ ಮನೆಯ ಕೊಟ್ಟಿಗೆಯಲ್ಲಿ ಮುರಿದರೂ ಊರಿನ ಗೋಶಾಲೆಯಲ್ಲಿ ಮತ್ತೆ ಕೂಡಬಹುದು ಎಂಬುದನ್ನು ಈ ತೋಟಿಗರು ತೋರಿಸುತ್ತಿದ್ದಾರೆ.

ಪ್ರಾಣಿದಯೆಯ ಮಾತು ಶಿರಸಿಗೆ ಹೊಸದೂ ಅಲ್ಲ. ಇಲ್ಲಿ ಅದು ಒಮ್ಮೆ ಊರಿನ ಅತಿ ದೊಡ್ಡ ಆಚರಣೆಯನ್ನೇ ಬದಲಿಸಿದೆ. 1934ರಲ್ಲಿ ಹರಿಜನ ಯಾತ್ರೆಯಲ್ಲಿದ್ದ ಗಾಂಧೀಜಿ ಶಿರಸಿಗೆ ಬಂದರು. ಆಗ ಮಾರಿಕಾಂಬಾ ಜಾತ್ರೆಯಲ್ಲಿ ಕೋಣನ ಬಲಿ ನಡೆಯುತ್ತಿತ್ತು. ಬಲಿ ನಡೆಯುವ ದೇವಾಲಯಕ್ಕೆ ತಾನು ಬರುವುದಿಲ್ಲ ಎಂದು ಗಾಂಧೀಜಿ ನಿಂತರು. ಊರು ತಲ್ಲಣಿಸಿತು. ದೇವಸ್ಥಾನದ ಆಡಳಿತದ ಮುಖ್ಯಸ್ಥರಾಗಿದ್ದ ಕೇಶ್ವೈನ್ ಅವರು ಗಾಂಧಿವಾದಿ ಶಿಕ್ಷಕ ವಿಠ್ಠಲರಾವ್ ಹೊಡಿಕೆ ಅವರೊಡನೆ ಸೇರಿ ಪ್ರಾಣಿಬಲಿಯ ವಿರುದ್ಧ, ಅದರ ಜೊತೆಗೇ ಅಸ್ಪೃಶ್ಯತೆಯ ವಿರುದ್ಧ, ಜನರ ಮನವೊಲಿಸಲು ಹೊರಟರು. ಮಾರಿಯಮ್ಮ ಮುನಿದರೆ ಏನು ಗತಿ ಎಂಬ ಭಯ ಇದ್ದ ಕಾಲವದು. ಹೊರಗಿನಿಂದ ಬಂದವರೊಬ್ಬರ ಒಂದು ಮಾತನ್ನು ಊರಿನವರೇ ಎತ್ತಿಕೊಂಡು ಮನೆಮನೆಗೆ ಮುಟ್ಟಿಸಿದ್ದರಿಂದ ಬಲಿ ನಿಂತಿತು. ಎರಡು ವರ್ಷಕ್ಕೊಮ್ಮೆ ಲಕ್ಷಾಂತರ ಜನ ಸೇರುವ ಜಾತ್ರೆ ಇಂದಿಗೂ ಅದೇ ವೈಭವದಲ್ಲಿ ನಡೆಯುತ್ತದೆ, ದೇವಿ ಬಿಡಕಿಬೈಲಿನ ಗದ್ದುಗೆಯೇರುತ್ತಾಳೆ. ರಕ್ತ ಮಾತ್ರ ಹರಿಯುವುದಿಲ್ಲ.

ಗಾಂಧೀಜಿಗೆ ಪ್ರಾಣಿಗಳ ವಿಷಯದಲ್ಲಿ ಬರೀ ಕರುಣೆಯ ಮಾತಿನಲ್ಲಿ ತೃಪ್ತಿ ಇರಲಿಲ್ಲ ಎಂಬುದಕ್ಕೆ ಕರ್ನಾಟಕದಲ್ಲೇ ಇನ್ನೊಂದು ಸಾಕ್ಷಿಯಿದೆ. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬೆಂಗಳೂರಿನಲ್ಲಿದ್ದಾಗ ಅವರು ಆಡುಗೋಡಿಯ ಇಂಪೀರಿಯಲ್ ಡೇರಿ ಸಂಸ್ಥೆಗೆ ಹೋಗಿ ದನ ಸಾಕಣೆಯ ಪಾಠ ಹೇಳಿಸಿಕೊಂಡರು. ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತನೆಂದೇ ಬರೆದುಕೊಂಡರು. ಐವತ್ತೇಳರ ವಯಸ್ಸಿನಲ್ಲಿ, ದೇಶವೆಲ್ಲ ತಿಳಿದ ನಾಯಕ, ಮೇವು ತಳಿ ಕರುಗಳ ಬಗ್ಗೆ ವಿದ್ಯಾರ್ಥಿಯಾಗಿ ಕುಳಿತ ಚಿತ್ರ ಇಂದಿನ ಗೋಶಾಲೆಗಳ ಗೋಡೆಯ ಮೇಲೆ ಇರಬೇಕಾದದ್ದು. ಇನ್ನೂ ಮೊದಲು, 1909ರ ‘ಹಿಂದ್ ಸ್ವರಾಜ್’ನಲ್ಲೇ ಅವರು ಹಸುವನ್ನು ಉಳಿಸಲೆಂದು ಮನುಷ್ಯನನ್ನು ಕೊಲ್ಲುವುದನ್ನು ತಾನು ಒಪ್ಪುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿದ್ದರು. ಆ ಮಾತು ಇಂದಿಗೂ ಬೇಕು. ರಾತ್ರಿ ಹೊತ್ತು ಬೀದಿಯಲ್ಲಿ ಮಲಗಿದ ದನವನ್ನು ಕಾರಿಗೆ ತುಂಬಿ ಕದ್ದೊಯ್ಯುವ ಪ್ರಕರಣಗಳು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕುಗಳನ್ನು ಕಾಡಿವೆ, ಜನರ ಸಿಟ್ಟು ಸಹಜ. ಕಳವು ತಡೆಯುವ ಕೆಲಸ ಪೊಲೀಸರದು. ಸಂಜೆ ದನವನ್ನು ಮನೆಗೆ ತಂದು ಕಟ್ಟುವ ಕೆಲಸ ಸಾಕಿದವನದು. ಈ ಎರಡು ಕೆಲಸಗಳನ್ನು ಬಿಟ್ಟು, ಕಾನೂನನ್ನು ಕೈಗೆ ತೆಗೆದುಕೊಳ್ಳುವ ಮೂರನೆಯದಕ್ಕೆ ಇಳಿಯುವುದರಿಂದ ದನಕ್ಕೂ ಊರಿಗೂ ಒಳ್ಳೆಯದಾಗುವುದಿಲ್ಲ.

ಯಲ್ಲಾಪುರದ ಕಡೆ ಹೋದರೆ ಚಿತ್ರ ಬೇರೆ. ಕಾಡಿನಂಚಿನ ಗೌಳಿವಾಡಗಳಲ್ಲಿ ಇವತ್ತಿಗೂ ಎಮ್ಮೆ ದನಗಳೇ ಬದುಕು. ಧನಗರ ಗೌಳಿ ಸಮುದಾಯ ತಲೆಮಾರುಗಳಿಂದ ಈ ಕಾಡಿನಲ್ಲಿ ಹಿಂಡು ಮೇಯಿಸಿಕೊಂಡು ಬಂದಿದೆ. ಹಾಲು ತುಪ್ಪ ಪೇಟೆಗೆ, ಗೊಬ್ಬರ ತೋಟಿಗರಿಗೆ. ಅವರ ಮನೆಗಳಲ್ಲಿ ಯಾರಿಗೂ ಪ್ರಾಣಿಪ್ರೀತಿಯ ಪಾಠ ಹೇಳಬೇಕಿಲ್ಲ. ಎಮ್ಮೆ ಕರು ಹಾಕುವ ರಾತ್ರಿ ಮನೆಮಂದಿಯೆಲ್ಲ ಎಚ್ಚರವಿರುತ್ತಾರೆ. ಆದರೆ ಮೇವಿನ ಕಾಡು ಕಡಿಮೆಯಾಗಿದೆ, ನೆಡುತೋಪುಗಳ ಅಡಿ ಹುಲ್ಲು ಬೆಳೆಯುವುದಿಲ್ಲ, ಗೌಳಿ ಮಕ್ಕಳೂ ಈಗ ಹುಬ್ಬಳ್ಳಿ, ಗೋವಾದ ಕೆಲಸಗಳತ್ತ ನೋಡುತ್ತಿದ್ದಾರೆ. ಗೋಶಾಲೆಗೆ ದಾನ ಕೊಡುವ ಸಮಾಜ ಈ ಗೌಳಿವಾಡಗಳಿಗೂ ಒಂದಿಷ್ಟು ಕಣ್ಣು ಹಾಯಿಸಬೇಕು. ದನ ಅನಾಥವಾದ ಮೇಲೆ ಆಸರೆ ಕೊಡುವುದಕ್ಕಿಂತ ಅದನ್ನು ಸಾಕುವ ಕೈಗಳನ್ನು ಮೊದಲೇ ಉಳಿಸಿಕೊಳ್ಳುವುದು ಅಗ್ಗ. ದನಕ್ಕೂ ಅದೇ ಸುಖ.

ಮಲೆನಾಡಿನಲ್ಲಿ ಪ್ರಾಣಿಸೇವೆಯ ನಿಜವಾದ ಪರೀಕ್ಷೆ ನಡೆಯುವುದು ಮಳೆಗಾಲದಲ್ಲಿ. ಆಷಾಢದ ಮಳೆಯಲ್ಲಿ ನೆಲ ಒಣಗುವುದಿಲ್ಲ, ಹಾಸಿದ ಸೊಪ್ಪು ಎರಡೇ ದಿನಕ್ಕೆ ಕೆಸರಾಗುತ್ತದೆ, ಹುಲ್ಲಿಗೆ ಬೂಸಲು ಹಿಡಿಯುತ್ತದೆ, ಉಂಬಳ ಕಾಲಿಗೂ ಮೂಗಿಗೂ ಹತ್ತುತ್ತದೆ. ಕಾಲುಬಾಯಿ ಜ್ವರ ಒಂದು ದನಕ್ಕೆ ಬಂದರೆ ಒಂದೇ ಸೂರಿನ ಕೆಳಗಿರುವ ಉಳಿದವಕ್ಕೂ ಹಬ್ಬಲು ತಡವಿಲ್ಲ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹಬ್ಬಿದಾಗ ಮೈತುಂಬ ಗಂಟೆದ್ದ ದನಗಳನ್ನು ಬೇರೆ ಕಟ್ಟಿ, ಸೊಳ್ಳೆ ನೊಣಗಳಿಗೆ ಹೊಗೆ ಹಾಕಿ, ಮೇವನ್ನು ಬಾಯಿಗಿಟ್ಟು ಉಳಿಸಿಕೊಂಡವರ ಶ್ರಮ ಲೆಕ್ಕಪತ್ರದಲ್ಲಿ ಕಾಣುವಂಥದ್ದಲ್ಲ. ಆರು ತಿಂಗಳಿಗೊಮ್ಮೆ ಉಚಿತವಾಗಿ ಹಾಕುವ ಕಾಲುಬಾಯಿ ಲಸಿಕೆಯನ್ನು ‘ಹಾಲು ಕಮ್ಮಿಯಾಗುತ್ತದೆ’ ಎಂದು ತಪ್ಪಿಸುವ ಮನೆಗಳು ಇನ್ನೂ ಇವೆ. ಅದು ತಮ್ಮ ದನಕ್ಕಷ್ಟೇ ಅಲ್ಲ, ಊರಿನ ದನಗಳಿಗೆಲ್ಲ ಮಾಡುವ ತಪ್ಪು.

ಸಿದ್ದಾಪುರದವರಿಗೆ ಇದರ ಮೇಲೆ ಇನ್ನೊಂದು ಭಯವಿದೆ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಸಿದ್ದಾಪುರದ ಹಳ್ಳಿಗಳಲ್ಲಿ 2024ರಲ್ಲೂ ಜೀವ ತೆಗೆದಿದೆ. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಯ ಉಣುಗುಗಳು ನೆಲಕ್ಕುದುರುತ್ತವೆ. ಮೇಯಲು ಹೋದ ದನದ ಮೈಗೆ ಹತ್ತುತ್ತವೆ. ದನಕ್ಕೆ ಕಾಯಿಲೆ ಬರುವುದಿಲ್ಲ, ಆದರೆ ರಕ್ತ ಹೀರಿ ಉಣುಗು ಬೆಳೆಯುವುದು ಅದರ ಮೈಮೇಲೆ. ಆದ್ದರಿಂದ ಇಲ್ಲಿ ದನದ ಮೈ ಉಜ್ಜಿ ಉಣುಗು ತೆಗೆಯುವುದು, ಉಣುಗುನಾಶಕ ಹಚ್ಚುವುದು, ಕಾಡಿಗೆ ಹೋಗುವವರು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಸವರಿಕೊಳ್ಳುವುದು, ಸತ್ತ ಮಂಗ ಕಂಡ ಕೂಡಲೇ ತಿಳಿಸುವುದು ಇವೆಲ್ಲ ಒಂದೇ ಕೆಲಸದ ಭಾಗಗಳು. ಪ್ರಾಣಿಯ ಆರೋಗ್ಯ ಬೇರೆ, ಮನುಷ್ಯನ ಆರೋಗ್ಯ ಬೇರೆ ಎಂದು ಗೆರೆ ಎಳೆಯಲು ಈ ಕಾಡು ಬಿಡುವುದಿಲ್ಲ.

ಕಾಡಿನ ಜೀವಗಳಿಗೂ ಇಲ್ಲಿ ಬೆಂಬಲಿಗರಿದ್ದಾರೆ. ಸಿದ್ದಾಪುರ, ಶಿರಸಿ, ಹೊನ್ನಾವರದ ನಡುವಿನ ಕಾಡಿನಲ್ಲಿ ಸಂಶೋಧಕರು ಸಿಂಗಳೀಕಗಳ 32 ಗುಂಪುಗಳನ್ನು ಗುರುತಿಸಿದ ಮೇಲೆ, ಅಳಿವಿನಂಚಿನ ಈ ಕೋತಿಗಾಗಿ 2011ರಲ್ಲಿ ಸುಮಾರು 300 ಚದರ ಕಿಲೋಮೀಟರ್ ವ್ಯಾಪ್ತಿಯ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಜನರನ್ನು ಒಕ್ಕಲೆಬ್ಬಿಸದೆ ಮಾಡಿದ ಘೋಷಣೆಯಿದು. ಸಿಂಗಳೀಕ ತಿನ್ನುವ ಉಪ್ಪಾಗೆ ಹಣ್ಣೇ ಇಲ್ಲಿನ ಬಡವರ ಮಳೆಗಾಲದ ಆದಾಯ. ಕಾಯಿ ಇರುವಾಗಲೇ ಮರ ಬಡಿದು ಬೋಳಿಸದೆ, ಹಣ್ಣಾಗುವತನಕ ಕಾದು ಆರಿಸಿಕೊಂಡರೆ ಇಬ್ಬರಿಗೂ ಪಾಲು ಸಿಗುತ್ತದೆ. ಶಿರಸಿ ತಾಲ್ಲೂಕಿನ ಸೋಂದಾದಲ್ಲಿ ಮುಂಡಿಗೆಕೆರೆ ಎಂಬ ಚಿಕ್ಕ ಕೆರೆಯಿದೆ. ಮಳೆ ಶುರುವಾಗುವ ಹೊತ್ತಿಗೆ ಬೆಳ್ಳಕ್ಕಿಗಳು ಬಂದು ಕೆರೆಯೊಳಗಿನ ಮುಂಡಿಗೆ ಗಿಡಗಳ ಮೇಲೆ ಗೂಡು ಕಟ್ಟಿ, ಮರಿ ಮಾಡಿ, ಮಳೆ ಮುಗಿದ ಮೇಲೆ ಹಾರಿಹೋಗುತ್ತವೆ. ಸೋಂದಾದ ಜಾಗೃತ ವೇದಿಕೆಯವರು ಈ ಪಕ್ಷಿಗಳ ಬರವು ಹೋಗುವಿಕೆಯನ್ನು ಗಮನಿಸುತ್ತ ಕೆರೆಯನ್ನು ಕಾಯುತ್ತ ಬಂದಿದ್ದಾರೆ. ತೋಟಕ್ಕೆ ಕಾಳಿಂಗ ಸರ್ಪ ಬಂದರೆ ಕೋಲು ಹಿಡಿಯುವ ಬದಲು ಅರಣ್ಯ ಇಲಾಖೆಗೆ, ಉರಗ ರಕ್ಷಕರಿಗೆ ಫೋನು ಮಾಡುವುದು ಈಗ ಇಲ್ಲಿನ ಮನೆಗಳಲ್ಲಿ ರೂಢಿಯಾಗಿದೆ. ಇದು ಸಣ್ಣ ಬದಲಾವಣೆಯಲ್ಲ.

ಮತ್ತೆ ದನದ ಮಾತಿಗೆ. ಗೋಶಾಲೆ ಎಂದ ಮಾತ್ರಕ್ಕೆ ಎಲ್ಲವೂ ಸರಿಯಿರುತ್ತದೆ ಎಂದುಕೊಳ್ಳುವಂತಿಲ್ಲ. ಭಕ್ತಿಯಿಂದ ಶುರುಮಾಡಿ, ಜಾಗಕ್ಕೆ ಮೀರಿ ದನ ತುಂಬಿಕೊಂಡು, ಎರಡನೇ ಮಳೆಗಾಲಕ್ಕೆ ಕೈಚೆಲ್ಲಿದ ಉದಾಹರಣೆಗಳು ನಾಡಿನಲ್ಲಿ ಬೇಕಾದಷ್ಟಿವೆ. ದನ ಎಷ್ಟಿದೆ ಎಂಬುದು ಗೋಶಾಲೆಯ ಅಳತೆಯಲ್ಲ. ಮಲಗುವ ನೆಲ ಒಣಗಿದೆಯೇ? ಬಾನಿಯ ನೀರು ಇವತ್ತಿನದೇ? ಪಶುವೈದ್ಯರು ಕೊನೆಯ ಸಲ ಬಂದದ್ದು ಯಾವಾಗ, ಲಸಿಕೆಯ ಪುಸ್ತಕ ಇದೆಯೇ? ಕಾಯಿಲೆಯ ದನಕ್ಕೆ ಬೇರೆ ಜಾಗವಿದೆಯೇ? ಹೋರಿಗಳನ್ನು ಪ್ರತ್ಯೇಕಿಸಿದ್ದಾರೆಯೇ, ಇಲ್ಲ ಸಂಖ್ಯೆ ಬೆಳೆಯುತ್ತಲೇ ಇದೆಯೇ? ಮುಂದಿನ ಮಳೆಗಾಲಕ್ಕೆ ಹುಲ್ಲಿನ ಬಣವೆ ಕಟ್ಟಿದ್ದಾರೆಯೇ? ದೇಣಿಗೆ ಕೊಡುವವರು ಒಮ್ಮೆ ಹೋಗಿ ಇಷ್ಟನ್ನು ಕಣ್ಣಿಂದ ನೋಡಬೇಕು, ಕೇಳಬೇಕು. ಚೆನ್ನಾಗಿ ನಡೆಸುವವರು ಇಂಥ ಪ್ರಶ್ನೆಗಳಿಗೆ ಸಂತೋಷದಿಂದಲೇ ಉತ್ತರಿಸುತ್ತಾರೆ.

ಪ್ರಾಣಿಗಳಿಗೆ ಕಾನೂನಿನ ಆಸರೆಯೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗಾಗಿ ಸಂಸತ್ತಿನಲ್ಲಿ ಪಟ್ಟುಹಿಡಿದವರು ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್. ಆ ಕಾಯ್ದೆಯಡಿ 1962ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ಕಾಕತಾಳೀಯವೋ ಏನೋ, ಜಾನುವಾರುಗಳ ತುರ್ತು ಚಿಕಿತ್ಸೆಗೆ ಮನೆಬಾಗಿಲಿಗೇ ಬರುವ ಪಶು ಸಂಜೀವಿನಿ ವಾಹನವನ್ನು ಕರೆಸುವ ಉಚಿತ ದೂರವಾಣಿ ಸಂಖ್ಯೆಯೂ 1962. ಕಾನೂನಿದೆ, ಸಂಖ್ಯೆ ಇದೆ. ಹಳ್ಳಿಗಳಲ್ಲಿ ಆ ಸಂಖ್ಯೆಯನ್ನು ಇನ್ನೂ ಎಲ್ಲ ಕೊಟ್ಟಿಗೆಗಳ ಬಾಗಿಲ ಮೇಲೆ ಬರೆದಿಲ್ಲ.

ದೊಡ್ಡಹಬ್ಬದ, ಅಂದರೆ ದೀಪಾವಳಿಯ ದಿನ ಈ ಸೀಮೆಯ ಮನೆಗಳಲ್ಲಿ ದನಗಳ ಮೈ ತೊಳೆದು, ಕೊರಳಿಗೆ ಅಡಿಕೆಯ, ಚೆಂಡುಹೂವಿನ ಸರ ಕಟ್ಟಿ ಪೂಜಿಸುವುದು ಇಂದಿಗೂ ಇದೆ. ಸ್ವಂತ ದನವಿಲ್ಲದವರು ಪಕ್ಕದ ಮನೆಯ ಕೊಟ್ಟಿಗೆಗೆ ಹೋಗಿ ಪೂಜೆ ಮಾಡಿ ಬರುತ್ತಾರೆ. ಈ ವರ್ಷ ಆ ಪೂಜೆಗೆ ಹೋದಾಗ ಆ ಮನೆಯವರಿಗೆ ಕೊಟ್ಟಿಗೆ ಕೆಲಸದಲ್ಲಿ ಯಾವ ದಿನ ಕೈ ಬೇಕು ಎಂದು ಕೇಳಿ. ಗದ್ದೆ ಕೊಯ್ಲಾದ ಮೇಲೆ ಹತ್ತು ಹೊರೆ ಹುಲ್ಲನ್ನು ಗದ್ದೆಯಲ್ಲೇ ಸುಡದೆ ಹತ್ತಿರದ ಗೋಶಾಲೆಗೆ ಕಳಿಸಿ. ನಗರದಲ್ಲಿರುವವರು ತಿಂಗಳಿಗೆ ಒಂದು ದನದ ಒಂದು ವಾರದ ಮೇವಿಗಾಗುವಷ್ಟು, ಅಂದರೆ ಸುಮಾರು ಇನ್ನೂರು ರೂಪಾಯಿ ಎತ್ತಿಡಿ. ಅರಬೈಲು ಘಟ್ಟದಲ್ಲಿ, ಶಿರಸಿ ಹೆದ್ದಾರಿಯಲ್ಲಿ ಕತ್ತಲೆಯಾದ ಮೇಲೆ ವಾಹನದ ವೇಗ ತಗ್ಗಿಸಿ. ಕಪ್ಪು ಗಿಡ್ಡ ರಸ್ತೆಯಲ್ಲಿ ಮಲಗಿದ್ದರೆ ದೀಪದ ಬೆಳಕಿಗೆ ಬೇಗ ಕಾಣುವುದಿಲ್ಲ. ಗಾಯಗೊಂಡ ದನ ಕಂಡರೆ ದಾಟಿ ಹೋಗಬೇಡಿ. ಗಾಡಿ ನಿಲ್ಲಿಸಿ, 1962ಕ್ಕೆ ಕರೆ ಮಾಡಿ, ಯಾರಾದರೂ ಬರುವತನಕ ಅಲ್ಲೇ ಇರಿ.